ಕೂಸಿನ ಕಡೆಯಿಂದ ಅಪ್ಪ

ಸಂಸಾರದ ಜಗಳದ ಬಗ್ಗೆ ಕನ್ನಡದಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬುದು ಒಂದು. ಅದನ್ನು ಆಡುವವರು ಬಹುಮಟ್ಟಿಗೆ ಜಗಳದ ಹೊರಗಿನವರು. ಮಾತು ಬೆಳೆಯದಿರಲಿ ಎಂಬುದೇ ಅವರ ಉದ್ದೇಶ. ಇನ್ನೊಂದು ‘ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು’. ಮೊದಲನೆಯದು ಜಗಳ ಕರಗುತ್ತದೆ ಎಂದು ಭರವಸೆ ಕೊಡುತ್ತದೆ. ಅದು ಕರಗುವ ಹೊತ್ತಿಗೆ ಮೂರನೆಯವರೊಬ್ಬರು ಬೆಲೆ ತೆತ್ತಾಗಿರುತ್ತದೆ ಎಂದು ಎರಡನೆಯದು ನೆನಪಿಸುತ್ತದೆ. ತಪ್ಪು ಯಾರದೆಂದು ಈ ಗಾದೆ ವಿಚಾರಿಸುವುದಿಲ್ಲ. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತು ಮುರಿದ ಸಂಸಾರವನ್ನು ಕೂಡಿಸಲು ನೋಡುವಾಗ ಈ ಮಾತು ಬಂದೇ ಬರುತ್ತದೆ, ಆದರೆ ತೂಗುವುದು ಒಂದೇ ಕಡೆಗೆ. ‘ಕೂಸಿನ ಮಾರಿ ನೋಡಿ ಗಂಡನ ಮನಿಗಿ ನಡಿಯವ್ವ’ ಎಂದು ಹೆಣ್ಣುಮಗಳಿಗೆ ಹೇಳಿದಷ್ಟು ಬಿಗಿಯಾಗಿ, ‘ಕೂಸಿನ ಮಾರಿ ನೋಡಿ ಕುಡಿಯೋದು ಬಿಡಪ್ಪ’ ಎಂದು ಗಂಡಿಗೆ ಯಾರೂ ಹೇಳುವುದಿಲ್ಲ. ಹಾಗೆಂದು ಗಾದೆಯನ್ನೇ ಬಿಸಾಡಬೇಕಿಲ್ಲ. ತಂದೆಯ ಹಕ್ಕು, ತಾಯಿಯ ಹಕ್ಕು ಎಂದು ಇಂದು ನ್ಯಾಯಾಲಯಗಳಲ್ಲೂ ಬೀದಿಯಲ್ಲೂ ನಡೆದಿರುವ ಹೊಯ್‌ಕೈಯನ್ನು ಕೂಸಿನ ಕಡೆಯಿಂದ ನೋಡಲು ಅದು ಜಾಗ ಮಾಡಿಕೊಡುತ್ತದೆ. ಅಲ್ಲಿಂದ ನೋಡಿದಾಗ ನನಗೆ ಕಾಣುವುದು ಇಷ್ಟು: ತಂದೆಗೊಂದು ಹಕ್ಕಿದ್ದರೆ ಅದು ಮಗುವಿನ ಹಕ್ಕಿನಿಂದ ಹುಟ್ಟಿದ್ದು, ಗಂಡನಾಗಿ ಅವನಿಗಿದ್ದ ಅಧಿಕಾರದಲ್ಲಿ ಉಳಿದು ಬಂದದ್ದಲ್ಲ.

ಈ ವಾದದ ಬೇರಿಗಾಗಿ ದೂರ ಹೋಗಬೇಕಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಈ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬಂಗಾಳದಲ್ಲಿ ನಡೆದ ದಾಯಭಾಗ ಪದ್ಧತಿಯಲ್ಲಿ ತಂದೆ ಸತ್ತ ಮೇಲಷ್ಟೇ ಮಗನಿಗೆ ಆಸ್ತಿ. ವಿಜ್ಞಾನೇಶ್ವರನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಪಾಲು. ಅಂದರೆ ತೊಟ್ಟಿಲಲ್ಲಿ ಮಲಗಿದ ಕೂಸಿನ ಕಾರಣಕ್ಕೆ ಅಪ್ಪ ಹಿರಿಯರ ಹೊಲವನ್ನು ಮನಬಂದಂತೆ ಮಾರುವ ಹಾಗಿಲ್ಲ. ಕುಟುಂಬದ ನಿಜವಾದ ಅಗತ್ಯ ಇರಬೇಕು. ತಂದೆಯ ಅಧಿಕಾರವನ್ನು ಎತ್ತಿ ಹಿಡಿಯುವುದೇ ಧರ್ಮಶಾಸ್ತ್ರದ ಕೆಲಸ ಎಂದುಕೊಂಡವರು ಇಲ್ಲಿ ನಿಂತು ಯೋಚಿಸಬೇಕು. ಈ ನೆಲದ ವ್ಯಾಖ್ಯಾನಕಾರ ತಂದೆಯನ್ನು ಒಡೆಯನ ಜಾಗದಿಂದ ಇಳಿಸಿ ನೋಡಿಕೊಳ್ಳುವವನ ಜಾಗದಲ್ಲಿ ಕೂರಿಸಿದ. ಮಗಳು ಆ ಲೆಕ್ಕದಲ್ಲಿ ಇರಲಿಲ್ಲ ಎಂಬುದು ನಿಜ. ಅವಳನ್ನು ಸೇರಿಸಲು ಕರ್ನಾಟಕ 1994ರಲ್ಲಿ ತಿದ್ದುಪಡಿ ತರಬೇಕಾಯಿತು, ಕೇಂದ್ರ 2005ರಲ್ಲಿ. ಅವಳ ಹಕ್ಕೂ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರಲ್ಲಿ. ಹೊಲದ ವಿಷಯದಲ್ಲಿ ಇಷ್ಟು ದೂರ ಬಂದ ಕಾನೂನು ಮಗುವಿನ ವಿಷಯದಲ್ಲಿ ಮಾತ್ರ ಹಳೆಯ ಒಡೆತನದ ಭಾಷೆಯನ್ನು ಬಿಟ್ಟಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮು ಇಂದಿಗೂ ತಂದೆಯೇ ಸಹಜ ಪೋಷಕ, ಅವನ ನಂತರ ತಾಯಿ ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ತಂದೆ ಬದುಕಿದ್ದೂ ಮಗುವಿನ ಹೊಣೆ ಹೊತ್ತಿರದಿದ್ದರೆ ತಾಯಿಯೇ ಪೋಷಕಿ ಎಂದು ಅರ್ಥ ಹಿಗ್ಗಿಸಿತು. ಕಲಮಿನ ಮಾತು ಮಾತ್ರ ಬದಲಾಗಲಿಲ್ಲ.

ಆದ್ದರಿಂದ ‘ಈ ದೇಶದಲ್ಲಿ ತಂದೆಗೆ ಹಕ್ಕೇ ಇಲ್ಲ’ ಎಂಬ ಕೂಗು ಕಾಗದದ ಮಟ್ಟಿಗೆ ಸುಳ್ಳು. ವ್ಯವಹಾರದಲ್ಲಿ ಅದಕ್ಕೆ ಹುರುಳಿದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದೇ ಕಲಮು ಹೇಳುತ್ತದೆ. ಮೊಕದ್ದಮೆ ಮುಗಿಯುವ ಹೊತ್ತಿಗೆ ಮಗು ಅಲ್ಲಿಗೇ ಹೊಂದಿಕೊಂಡಿರುತ್ತದೆ, ಹೊಂದಿಕೊಂಡ ಮಗುವನ್ನು ಕದಲಿಸಲು ಯಾವ ನ್ಯಾಯಾಧೀಶರಿಗೂ ಮನಸ್ಸು ಬರುವುದಿಲ್ಲ. ತಂದೆಗೆ ಉಳಿಯುವುದು ವಾರಕ್ಕೋ ತಿಂಗಳಿಗೋ ಒಮ್ಮೆ, ನ್ಯಾಯಾಲಯದ ಆವರಣದಲ್ಲಿ, ಗಡಿಯಾರ ನೋಡುತ್ತ ಕಳೆಯುವ ಭೇಟಿ. ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಸ್ಪ್’ನಂಥ ಸಂಘಟನೆಗಳು ಜಂಟಿ ಪಾಲನೆಗಾಗಿ ದನಿಯೆತ್ತಿದ್ದು ಇಂಥ ಭೇಟಿಗಳ ಬೇಗುದಿಯಿಂದಲೇ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ ಜೀವ ಕಳೆದುಕೊಂಡಾಗ ದೇಶವೆಲ್ಲ ಎರಡು ಪಾಳಯವಾಗಿ ವಾರಗಟ್ಟಲೆ ಕಾದಾಡಿತು. ಆ ಗದ್ದಲದಲ್ಲಿ ಅವರ ಪುಟ್ಟ ಮಗನ ಬಗ್ಗೆ ಕೇಳಿಬಂದ ಮಾತು ಬಹಳ ಕಡಿಮೆ. ಗಾದೆ ಹೇಳುವುದು ಇಂಥದ್ದನ್ನೇ ಎಂದು ಬಿಡಿಸಿ ಹೇಳಬೇಕಿಲ್ಲ.

ಭೇಟಿಯನ್ನು ತಂದೆಗೆ ಕೊಟ್ಟ ರಿಯಾಯಿತಿಯೆಂದು ಕಾಣುವವರೆಗೆ ಅದು ಚೌಕಾಶಿಯ ಸರಕಾಗಿಯೇ ಉಳಿಯುತ್ತದೆ. ‘ಮಗು ತೋರಿಸದಿದ್ದರೆ ಹಣ ಕೊಡುವುದಿಲ್ಲ’ ಎಂದು ಇವನು, ‘ಹಣ ಕೊಡದಿದ್ದರೆ ಮಗು ತೋರಿಸುವುದಿಲ್ಲ’ ಎಂದು ಅವಳು. ಎರಡೂ ಒಂದೇ ತಪ್ಪು, ಏಕೆಂದರೆ ಜೀವನಾಂಶವೂ ಭೇಟಿಯೂ ಗಂಡ ಹೆಂಡತಿ ಪರಸ್ಪರ ಕೊಡುವ ಸಾಲವಲ್ಲ. ಎರಡೂ ಮಗುವಿಗೆ ಸಲ್ಲಬೇಕಾದ ಬಾಕಿ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಎರಡೂ ಮಗುವಿನ ಪೋಷಣೆಯನ್ನು ಹೆಂಡತಿಯ ಜೀವನಾಂಶದಿಂದ ಬೇರೆಯಾಗಿಯೇ ಹೆಸರಿಸುತ್ತವೆ. ನ್ಯಾಯಾಲಯಗಳೂ ಮೆಲ್ಲಗೆ ಈ ದಿಕ್ಕಿಗೆ ತಿರುಗಿವೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ, ಓದಿನ ಖರ್ಚನ್ನು ಇಬ್ಬರೂ ಸಮನಾಗಿ ಹೊರಲಿ, ಶನಿವಾರ ಭಾನುವಾರ ಇನ್ನೊಬ್ಬರು ಬಂದು ನೋಡಲಿ ಎಂದು ಆದೇಶಿಸಿತು. ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ತಂದೆ ತಾಯಿ ಇಬ್ಬರೂ ಏಕಕಾಲಕ್ಕೆ ಸಹಜ ಪೋಷಕರಾಗಬೇಕು, ಜಂಟಿ ಪಾಲನೆಗೆ ಕಾನೂನಿನಲ್ಲಿ ಜಾಗ ಇರಬೇಕು ಎಂದು ಶಿಫಾರಸು ಮಾಡಿತು. ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ಭೇಟಿ ಸಾಧ್ಯವಿಲ್ಲದಾಗ ಫೋನು, ವಿಡಿಯೊ ಕರೆಯ ಮೂಲಕವಾದರೂ ನಂಟು ಉಳಿಯಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಂದೆಯರಿಗೆ ಇದು ಗೆಲುವೇ. ಆದರೆ ಅವರು ಗೆದ್ದಿರುವುದು ಮಗುವಿನ ಹೆಸರಿನಲ್ಲಿ.

ಹೆಣ್ಣುಮಕ್ಕಳ ಪರ ಕೆಲಸ ಮಾಡುವವರ ಆಕ್ಷೇಪ ಇಲ್ಲಿ ಏಳುತ್ತದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಹೊಡೆದವನಿಗೆ ಜಂಟಿ ಪಾಲನೆ ಸಿಕ್ಕರೆ ಅದು ಹೆಂಡತಿಯ ಕೊರಳಿಗೆ ಕಟ್ಟಿದ ಉದ್ದನೆಯ ಹಗ್ಗವಾಗುತ್ತದೆ: ಬಿಟ್ಟು ಬಂದವಳು ಪ್ರತಿ ವಾರ ಅವನೆದುರು ನಿಲ್ಲಬೇಕು, ಊರು ಬದಲಿಸಲು ಅವನನ್ನೇ ಕೇಳಬೇಕು. ಜೊತೆಗೆ ಗಾದೆ ಇಬ್ಬರನ್ನೂ ಸಮಬಲರೆಂದು ಭಾವಿಸುತ್ತದೆ, ಜಗಳ ಮಾತ್ರ ಸಮಬಲರ ನಡುವೆ ನಡೆಯುವುದಿಲ್ಲ. ಇದಕ್ಕೆ ಉತ್ತರ ಮತ್ತೆ ಕೂಸಿನಲ್ಲೇ ಇದೆ. ತಾಯಿ ಪೆಟ್ಟು ತಿನ್ನುವುದನ್ನು ನೋಡುವ ಮಗುವೂ ಬಡವಾಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮು, ಭೇಟಿಯಿಂದ ಮಗುವಿಗೆ ಹಾನಿಯೆಂದು ಕಂಡರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಬೇಕು ಎನ್ನುತ್ತದೆ. ತಂದೆಯ ಹಕ್ಕು ತನ್ನಷ್ಟಕ್ಕೆ ತಾನೇ ನಿಂತದ್ದಾಗಿದ್ದರೆ ಈ ಕಲಮು ಅದಕ್ಕೆ ಅಡ್ಡ ಬರುತ್ತಿತ್ತು. ಮಗುವಿನಿಂದ ಬಂದ ಹಕ್ಕಾದ್ದರಿಂದ ಮಗುವಿಗೆ ಕೇಡಾಗುವಲ್ಲಿ ಅದು ತಾನಾಗಿ ಕೊನೆಗೊಳ್ಳುತ್ತದೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ಏರ್ಪಾಡನ್ನು ಎಲ್ಲ ಮನೆಗೂ ಹೊಲಿದಿಟ್ಟ ಅಂಗಿಯಂತೆ ತೊಡಿಸಬೇಕೆಂದು ಇದೇ ಕಾರಣಕ್ಕೆ ನಾನು ಹೇಳಲಾರೆ.

ತಂದೆಯರ ಚಳವಳಿಗೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಕೋರ್ಟಿನ ಮೆಟ್ಟಿಲು ಹತ್ತುವ ಮುಂಚಿನ ವರ್ಷಗಳಲ್ಲಿ ಅಪ್ಪ ಎಲ್ಲಿದ್ದ? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಗಂಡಸರಲ್ಲಿ ಶೇ. 21.4. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು 74. ಪಾಲನೆಯ ತೀರ್ಪು ತಾಯಿಯ ಕಡೆ ವಾಲುವುದಕ್ಕೆ ನ್ಯಾಯಾಧೀಶರ ಪಕ್ಷಪಾತಕ್ಕಿಂತ ಈ ನಿಮಿಷಗಳೇ ಹೆಚ್ಚು ಕಾರಣ ಎಂದು ನನ್ನ ಎಣಿಕೆ. ನಮ್ಮ ಕಡೆ ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ. ಅಪ್ಪನಾದವನು ನೆಂಟನಂತೆ ಬಂದು ನೋಡಿ ಹೋಗುತ್ತಾನೆ. ಆ ಆರಂಭದ ತಿಂಗಳುಗಳಲ್ಲಿ ಎತ್ತಿ ಆಡಿಸಿ, ಕುಂಡಿ ತೊಳೆದು, ರಾತ್ರಿ ನಿದ್ದೆಗೆಟ್ಟು ಕಟ್ಟಿಕೊಳ್ಳಬೇಕಾದ ನಂಟನ್ನು ಮುಂದೆ ವಕೀಲರ ಮೂಲಕ ಕಟ್ಟಲು ಹೊರಡುವುದು ತಡವಾದ ಕೆಲಸ. ಅಪ್ಪ ಹೀಗೆ ನೆಂಟನಾಗಿ ಉಳಿಯುವುದಕ್ಕೆ ಸರ್ಕಾರವೂ ಒತ್ತಾಸೆಯಾಗಿದೆ. ಯುಜಿಸಿಯ 2018ರ ನಿಯಮದಂತೆ ವಿಶ್ವವಿದ್ಯಾಲಯದ ಅಧ್ಯಾಪಕ ತಂದೆಯಾದಾಗ ಸಿಗುವ ಪಿತೃತ್ವ ರಜೆ 15 ದಿನ. ತಾಯಿಯ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು, ಖಾಸಗಿ ನೌಕರಿಯ ತಂದೆಗೆ ಒಂದು ದಿನವನ್ನೂ ಕಡ್ಡಾಯ ಮಾಡಲಿಲ್ಲ. ಮಗು ಸಾಕುವುದು ಹೆಂಗಸಿನ ಕೆಲಸ ಎಂದು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಮೇಲೆ, ಮಗು ಹೆಂಗಸಿನ ಬಳಿ ಉಳಿದದ್ದಕ್ಕೆ ಗಂಡಸರು ಅಚ್ಚರಿಪಡುವುದೇಕೆ?

‘ದುಡಿದು ಹಾಕುವುದು ಆರೈಕೆಯಲ್ಲವೇ?’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬಹಳ ಭಾರದ್ದು. ಮಳೆ ಕೈಕೊಟ್ಟ ವರ್ಷ, ತೊಗರಿಗೆ ಬೆಲೆ ಬಿದ್ದ ವರ್ಷ, ಇಲ್ಲಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ಹೊಸದಲ್ಲ. ಕಟ್ಟಡದ ಕೆಲಸದಲ್ಲಿ ತಿಂಗಳುಗಟ್ಟಲೆ ಇರುವ ಅಪ್ಪ ಕೂಸಿನಿಂದ ದೂರವಿರುವುದು ಕಲ್ಲು ಮನಸ್ಸಿನಿಂದಲ್ಲ. ಅವನು ಕಳಿಸುವ ಹಣ ಅನ್ನವಾಗುತ್ತದೆ, ಪುಸ್ತಕವಾಗುತ್ತದೆ. ಅದನ್ನು ಆರೈಕೆಯಲ್ಲ ಎನ್ನುವುದು ಅನ್ಯಾಯ. ಆದರೆ ಇದೇ ವಾದವನ್ನು ಊರಲ್ಲೇ ಇದ್ದು ಸಂಜೆಯನ್ನು ಕಟ್ಟೆಯ ಮೇಲೆ ಕಳೆಯುವವನೂ ಬಳಸಿದಾಗ ಅದು ಪೊಳ್ಳು. ಗುಳೆ ಹೋದ ತಂದೆಗೆ ಬೇಕಾದದ್ದು ಹೆಂಡತಿಯ ಮೇಲಿನ ಗೆಲುವಲ್ಲ; ಊರ ಹತ್ತಿರ ಕೂಲಿ, ಹಬ್ಬಕ್ಕೆ ಬಂದು ಹೋಗುವಷ್ಟು ರಜೆ. ಕೋರ್ಟಿನ ತಾರೀಖಿಗಾಗಿ ಒಂದು ವಾರದ ಪಗಾರ ಕಳೆದುಕೊಳ್ಳುವವನ ಮಟ್ಟಿಗೆ, ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆದದ್ದು, ಮೇಲ್ಮನವಿಗೆ ಬೆಂಗಳೂರಿನವರೆಗೆ ಓಡುವುದು ತಪ್ಪಿದ್ದು, ಎಷ್ಟೋ ಭಾಷಣಗಳಿಗಿಂತ ದೊಡ್ಡ ಪುರುಷಪರ ಸುಧಾರಣೆ.

ಇಷ್ಟೆಲ್ಲ ಆದ ಮೇಲೂ ತಂದೆತನದ ಚರ್ಚೆ ನೋಡದೆ ದಾಟುವ ಒಂದು ಗುಂಪು ಈ ಭಾಗದಲ್ಲಿದೆ. ಅದು ದೇವದಾಸಿಯರ ಮಕ್ಕಳದು. ಬೆಂಗಳೂರಿನಲ್ಲಿ ಅಪ್ಪಂದಿರು ಮಗುವಿಗಾಗಿ ಹಲುಬುತ್ತಿದ್ದರೆ ಇಲ್ಲಿ ಮಗು ಅಪ್ಪನಿಗಾಗಿ ಹುಡುಕುತ್ತದೆ, ಅಪ್ಪ ಅದೇ ಊರಲ್ಲಿದ್ದೂ ಅಡಗಿಕೊಳ್ಳುತ್ತಾನೆ. ಮದುವೆಯಲ್ಲಿ ಹುಟ್ಟಿದ ಮಗುವಿಗೆ ಕಾನೂನೇ ತಂದೆಯನ್ನು ಕೊಡುತ್ತದೆ. ಇವರಿಗೆ ಶಾಲೆಯ ಅರ್ಜಿಯ ಒಂದು ಖಾಲಿ ಗೆರೆಯೇ ಅವಮಾನವಾಯಿತು. ಕರ್ನಾಟಕದ 1982ರ ಕಾಯ್ದೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿತು, ಆದರೆ ಹುಟ್ಟಿದ ಮಕ್ಕಳ ತಂದೆಯ ಪ್ರಶ್ನೆಗೆ ಕೈ ಹಾಕಲಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ, ತಂದೆಯನ್ನು ಗುರುತಿಸಿಕೊಡಿ ಎಂದು ಕೇಳುವ ಹಕ್ಕನ್ನೂ ಅವನ ಆಸ್ತಿಯಲ್ಲಿ ಪಾಲಿನ ಹಕ್ಕನ್ನೂ ಈ ಮಕ್ಕಳಿಗೆ ಕೊಡಲು ಹೊರಟಿತು. ಅರ್ಜಿಗಳಲ್ಲಿ ತಂದೆಯ ಹೆಸರಿಗಾಗಿ ಒತ್ತಾಯಿಸಬಾರದು ಎಂದೂ ಹೇಳಿತು. ಇದಕ್ಕೂ ಮೊದಲು, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಮಿತಾಕ್ಷರಾ ಅವಿಭಕ್ತ ಕುಟುಂಬದಲ್ಲಿ ತಂದೆ ತಾಯಿಗೆ ಬರುವ ಪಾಲಿನಲ್ಲಿ ಹಕ್ಕುಂಟು ಎಂದಿತ್ತು. ತಂದೆಯ ಹಕ್ಕಿಗಾಗಿ ಹೋರಾಡುವವರು ಇಂಥ ಮಕ್ಕಳ ಬೆನ್ನಿಗೆ ನಿಂತದ್ದು ಕಾಣದು. ನಿಂತಿದ್ದರೆ, ತಮ್ಮ ಹೋರಾಟ ಮಗುವಿಗಾಗಿ ಎಂಬ ಅವರ ಮಾತನ್ನು ಹೆಚ್ಚು ಜನ ನಂಬುತ್ತಿದ್ದರು. ಡಿಎನ್‌ಎ ಪರೀಕ್ಷೆಯಿಂದ ಹೆಸರು ಸಿಗಬಹುದು, ಹೊಲದ ತುಂಡೊಂದು ಸಿಗಬಹುದು. ಆ ಮನುಷ್ಯನ ಸಹವಾಸ ಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಮಗುವಿಗೇ ಸೇರಿದ್ದು. ಪಾಲು ಕೇಳಿ, ಅಪ್ಪನನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಅದಕ್ಕಿರಬೇಕು. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಮು, ಬುದ್ಧಿ ತಿಳಿದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎನ್ನುತ್ತದೆ. ಪರಿಗಣಿಸಲೇಬೇಕು ಎಂದಿಲ್ಲ; ಹಾಗೆಂದು ತಿದ್ದಬೇಕು. ಬೆಂಗಳೂರಿನ ಮಗುವಿಗೆ, ಕಲಬುರಗಿಯ ಮಗುವಿಗೆ ಈ ಒಂದು ತಿದ್ದುಪಡಿಯಿಂದ ಆಗುವ ಅನುಕೂಲ ಅವರ ಅಪ್ಪ ಅವ್ವಂದಿರ ಪರವಾಗಿ ಕೇಳಿಬರುತ್ತಿರುವ ಹೆಚ್ಚಿನ ಬೇಡಿಕೆಗಳಿಂದ ಆಗದು.