ತಕ್ಕಡಿ ಒಂದೇ ಇರಬೇಕು

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಡಲ್ಲಾಸ್‌ನಲ್ಲಿದ್ದಾಗ ಒಂದು ಭಾನುವಾರ ಸಹೋದ್ಯೋಗಿಯೊಬ್ಬ ತನ್ನ ಚರ್ಚಿಗೆ ಕರೆದುಕೊಂಡು ಹೋದ. ಹಾಡು, ಪ್ರಾರ್ಥನೆ, ಆಮೇಲೆ ಕಾಫಿ. ಕಾಫಿ ಕುಡೀತಾ ಮೆಲ್ಲಗೆ ಹೇಳಿದ: "ನಾನು ಯಾರಿಗೆ ವೋಟ್ ಹಾಕ್ತೀನಿ ಅಂತ ಇಲ್ಲಿ ಬಾಯಿಬಿಡೋ ಹಾಗಿಲ್ಲ." ಪಾಪವನ್ನೇ ಒಪ್ಪಿಕೊಳ್ಳಬಹುದಾದ ಜಾಗದಲ್ಲಿ ವೋಟು ಮುಚ್ಚಿಡಬೇಕಾ?

1998ರಲ್ಲಿ, ಕ್ಲಿಂಟನ್ ಹಗರಣದ ಹೊತ್ತಲ್ಲಿ, ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು ನಾಯಕರ ನಡತೆ ಮುಖ್ಯ ಅಂತ ನಿರ್ಣಯ ಮಾಡಿದ್ದರು. ಖಾಸಗಿ ಬದುಕಲ್ಲಿ ತಪ್ಪು ಮಾಡಿದವರೂ ಅಧಿಕಾರದಲ್ಲಿ ನೀತಿಯಿಂದ ನಡೆಯಬಲ್ಲರು ಅಂತ 2011ರ ಪಿಆರ್‌ಆರ್‌ಐ ಸಮೀಕ್ಷೆಯಲ್ಲಿ ಒಪ್ಪಿದ್ದು ಅಮೆರಿಕದ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಶೇ. 30 ಮಂದಿ. ಟ್ರಂಪ್ ಕಣದಲ್ಲಿದ್ದ 2016ರಲ್ಲಿ ಶೇ. 72! ಐದು ವರ್ಷದಲ್ಲಿ ಬೈಬಲ್‌ನ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು, ತಪ್ಪು ಮಾಡಿದವರು ಯಾರ ಕಡೆಯವರು ಅನ್ನೋದು.

ಮೊದಲು ನಗು ಬಂತು. ಆಮೇಲೆ ಊರು ನೆನಪಾಯ್ತು. ಎದುರು ಪಾರ್ಟಿಯ ನಾಯಕ ಸುಳ್ಳು ಹೇಳಿದಾಗ ಫೋನಲ್ಲೇ ಅಪ್ಪನ ಜೊತೆ ಜಗಳ ಆಡಿದ್ದೆ. ನಮ್ಮವನು ಸುಳ್ಳು ಹೇಳಿದಾಗ "ರಾಜಕೀಯದಲ್ಲಿ ಇದೆಲ್ಲ ಇದ್ದಿದ್ದೇ" ಅಂದೆ. "ತಕ್ಕಡಿ ಒಂದೇ ಇರ್ಬೇಕಲ್ಲೋ" ಅಂದ ಅಪ್ಪ ಫೋನ್ ಇಟ್ಟರು.

ನಂಬಿಕೆ ಒಂದು ಪಕ್ಷವನ್ನು ಆರಿಸಿಕೊಂಡರೆ ತಪ್ಪಿಲ್ಲ. ಆದರೆ ಆರಿಸಿಕೊಂಡ ಮೇಲೆ ಅದೇ ಪಕ್ಷಕ್ಕೆ "ಇದು ತಪ್ಪು" ಅನ್ನೋಕೆ ಬಾಯಿ ಬರದಿದ್ದರೆ, ದೇವರ ಜಾಗದಲ್ಲಿ ಕೂತಿರೋದು ಯಾರು?

ನಮ್ಮವರ ತಪ್ಪನ್ನು ನಮ್ಮವರ ಮುಂದೆಯೇ ತಪ್ಪು ಅಂತ ಕೊನೇ ಸಲ ಹೇಳಿದ್ದು ಯಾವಾಗ? ನನಗೆ ನೆನಪಾಗ್ತಿಲ್ಲ. ನಿಮಗೆ?