ಸಾಕ್ಷಿಯಿಲ್ಲದ ಸಜ್ಜನ

ಲೋಕಹಿತಕ್ಕಾಗಿ ಆಡಿದ ಸುಳ್ಳು ಸುಳ್ಳಲ್ಲವೆಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಒಂದು ಗಳಿಗೆಯಲ್ಲಿ ಆಡಿ ಮುಗಿಸುವ ಸುಳ್ಳಿಗೆ ಈ ಮಾತು ಹೇಗೋ ಒಪ್ಪೀತು. ಆದರೆ ವರ್ಷಾನುಗಟ್ಟಲೆ ಎಡೆಬಿಡದೆ ಬಾಳಬೇಕಾದ ಸುಳ್ಳನ್ನು ಏನೆನ್ನೋಣ? 2002ರಲ್ಲಿ ಹಾಂಗ್‌ಕಾಂಗಿನಲ್ಲಿ ತೆರೆಕಂಡ ‘ಇನ್‌ಫರ್ನಲ್ ಅಫೇರ್ಸ್’ ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನೇ ನಮ್ಮ ಮುಂದಿಡುತ್ತದೆ. ಆಂಡ್ರ್ಯೂ ಲಾವ್, ಅಲನ್ ಮಾಕ್ ಎಂಬಿಬ್ಬರು ಇದರ ನಿರ್ದೇಶಕರು. ಹೊಡೆದಾಟವೇ ಪತ್ತೇದಾರಿ ಚಿತ್ರಗಳ ಬಂಡವಾಳವೆಂದು ಮೂಗುಮುರಿಯುವ ಉಪಾಧ್ಯಾಯ ಬಂಧುಗಳೂ ಇದನ್ನೊಮ್ಮೆ ನೋಡಬೇಕೆಂಬುದು ನಮ್ಮ ಬಿನ್ನಹ.

ಕಥೆಯ ಹಂದರ ಸರಳವಾದುದು. ಚಾನ್ ಎಂಬ ತರುಣನನ್ನು ಪೊಲೀಸ್ ಶಿಕ್ಷಣಶಾಲೆಯಿಂದ ಹೊರಗಟ್ಟಿದಂತೆ ತೋರಿಸಿ, ಸ್ಯಾಮ್ ಎಂಬ ಪಾತಕಿಯ ಕೂಟದೊಳಗೆ ಗುಪ್ತಚಾರನನ್ನಾಗಿ ಸೇರಿಸುತ್ತಾರೆ. ಅತ್ತ ಸ್ಯಾಮನೂ ಮಿಂಗ್ ಎಂಬ ತನ್ನ ಹುಡುಗನನ್ನು ಪೊಲೀಸ್ ಪಡೆಗೆ ನುಗ್ಗಿಸಿರುತ್ತಾನೆ. ಒಬ್ಬನು ಕಳ್ಳರ ನಡುವಣ ಪೊಲೀಸನು; ಇನ್ನೊಬ್ಬನು ಪೊಲೀಸರ ನಡುವಣ ಕಳ್ಳನು. ಮೂರು ವರುಷಕ್ಕೆಂದು ಹೇಳಿ ಕಳುಹಿಸಿದ ಕೆಲಸವು ಮತ್ತೆ ಮೂರು, ಮತ್ತೆ ಮೂರು ಎಂದು ಬೆಳೆದು ಹತ್ತರ ಹತ್ತಿರ ಬರುತ್ತದೆ. ಆ ವೇಳೆಗೆ ಚಾನನ ಗುಟ್ಟನ್ನು ಬಲ್ಲವನಾಗಿ ಉಳಿದವನು ವಾಂಗ್ ಎಂಬ ಮೇಲಧಿಕಾರಿಯೊಬ್ಬನೇ. ಅವನನ್ನೂ ಪಾತಕಿಗಳು ಎತ್ತರದ ಕಟ್ಟಡದಿಂದ ಕೆಡವಿ ಕೊಲ್ಲುತ್ತಾರೆ.

ಚಾನನು ಸಜ್ಜನನೆಂಬುದಕ್ಕಿದ್ದ ಜೀವಂತ ಸಾಕ್ಷಿ ಅಲ್ಲಿಗೆ ಅಳಿಯಿತು. ಮಿಂಗನ ಮೇಜಿನ ಮೇಲೆ ತನ್ನದೇ ಕೈಬರಹವಿದ್ದ ಲಕೋಟೆಯನ್ನು ಕಂಡು ಚಾನನು ಅವನ ನಿಜವನ್ನರಿಯುತ್ತಾನೆ. ಇದನ್ನು ತಿಳಿದ ಮಿಂಗನು ಗಣಕಯಂತ್ರದಲ್ಲಿದ್ದ ಚಾನನ ದಾಖಲೆಯನ್ನೇ ಅಳಿಸಿಬಿಡುತ್ತಾನೆ. ಹಾಜರಿ ಪುಸ್ತಕದಿಂದ ಹೆಸರು ಹೊಡೆದ ಮೇಲೆ ಮಗುವು ಮುಂದಿನ ಸಾಲಿನಲ್ಲಿ ಕುಳಿತಿದ್ದರೂ ಲೆಕ್ಕಕ್ಕೆ ಬಾರದೆಂಬುದನ್ನು ಉಪಾಧ್ಯಾಯರಾದ ನಾವು ಬಲ್ಲೆವಷ್ಟೆ! ಕಡೆಗೆ ಮಾಳಿಗೆಯ ಮೇಲೆ ಇಬ್ಬರೂ ಎದುರಾದಾಗ ತಾನಿನ್ನು ಒಳ್ಳೆಯವನಾಗಬೇಕೆಂದಿದ್ದೇನೆ ಎಂದು ಮಿಂಗ್ ಬೇಡುತ್ತಾನೆ. ತಾನು ಪೊಲೀಸನೆಂದು ಚಾನ್ ಉತ್ತರ ಕೊಡುತ್ತಾನೆ. ಅದು ಯಾರಿಗೆ ಗೊತ್ತೆಂಬುದು ಮಿಂಗನ ಮರುಪ್ರಶ್ನೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಕ್ರೂರವಾದ ಪೆಟ್ಟು ನಮಗೆ ಕಾಣಲಿಲ್ಲ. ತುಸು ಹೊತ್ತಿನಲ್ಲಿಯೇ ಲಿಫ್ಟಿನ ಬಾಗಿಲಲ್ಲಿ ಚಾನನು ಗುಂಡಿಗೆ ಬಲಿಯಾಗುತ್ತಾನೆ.

ನಮ್ಮ ರಾಘವಾಂಕನ ಹರಿಶ್ಚಂದ್ರನೂ ಹೆಂಡತಿಮಗನನ್ನು ಮಾರಿದನು, ಸುಡುಗಾಡು ಕಾಯ್ದನು. ಆದರೆ ಅವನು ಸುಳ್ಳಾಡಬೇಕಾಗಿರಲಿಲ್ಲ. ಕೊನೆಗೆ ದೇವರೇ ಮೈದೋರಿ ಅವನ ಸತ್ಯಕ್ಕೆ ಸಾಕ್ಷಿಯಾದನು. ಚಾನನಿಗೆ ವಿಧಿಸಿದ್ದು ತಿರುವುಮುರುವಾದ ವ್ರತ.

ಇಲ್ಲಿ ದೋಷ ಯಾರದು? ವಿಧಿಯದೆಂದು ಕೆಲವರು ಹೇಳಿಯಾರು. ನಮಗೆ ಹಾಗೆ ತೋರದು. ವಾಂಗನು ಕೆಟ್ಟವನಲ್ಲ, ಚಾನನ ಹುಟ್ಟುಹಬ್ಬಕ್ಕೆ ಕೈಗಡಿಯಾರವನ್ನು ತಂದುಕೊಡುವಷ್ಟು ಮಮತೆಯುಳ್ಳವನು. ಆದರೂ ಒಬ್ಬನ ಹೆಸರು, ಮಾನ, ಮರಳುವ ದಾರಿ ಎಲ್ಲವನ್ನೂ ತನ್ನೊಂದು ಉಸಿರಿಗೆ ಕಟ್ಟಿಹಾಕಲು ಅವನಿಗೇನು ಅಧಿಕಾರ? ಗುಟ್ಟು ಹೆಚ್ಚು ಕಿವಿಗಳಿಗೆ ಬಿದ್ದರೆ ಚಾನನ ಪ್ರಾಣಕ್ಕೇ ಕುತ್ತೆಂಬ ಆಕ್ಷೇಪಣೆಯೇನೋ ಹಗುರವಾದುದಲ್ಲ. ಠಾಣೆಯೊಳಗೇ ಮಿಂಗ್ ಇದ್ದಾನೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎರಡು ಕಡೆ ಸಂಬಳ ಪಡೆಯುವ ‘ಉಭಯವೇತನ’ ಚಾರರ ಪ್ರಸ್ತಾಪವಿದೆ. ಅಂಥವರ ಹೆಂಡಿರುಮಕ್ಕಳನ್ನು ಅರಸನು ತನ್ನ ವಶದಲ್ಲಿಟ್ಟುಕೊಳ್ಳಬೇಕೆಂದು ಅಲ್ಲಿ ಹೇಳಿದೆ. ಚಾರನು ತಪ್ಪಿದರೆ ಅರಸನ ಕೈಯಲ್ಲಿ ಒತ್ತೆಯುಂಟು. ಅರಸನು ತಪ್ಪಿದರೆ ಚಾರನ ಕೈಯಲ್ಲಿ ಏನುಂಟು? ಸುಳ್ಳನ್ನು ಬಾಳೆಂದು ಅಪ್ಪಣೆ ಕೊಟ್ಟವನು ಅವಧಿ ತೀರಿದ ದಿನವೇ ಅವನನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು. ತಾನಿಲ್ಲದ ದಿನ ಅವನ ಪರವಾಗಿ ನುಡಿಯುವ ಬರಹವೊಂದನ್ನು ಕಳ್ಳಕೈಗೆ ಎಟುಕದೆಡೆ ಇರಿಸಿರಬೇಕು. ಚಾನನ ಪಾಲಿಗೂ ಅಂಥ ದಾಖಲೆ ದೊರೆಯಿತು, ಅವನು ಸತ್ತು ಆರು ತಿಂಗಳಾದ ಮೇಲೆ!

ಇನ್ನು ಮಿಂಗನ ಗತಿ. ಹಾಂಗ್‌ಕಾಂಗಿನ ಮೂಲಚಿತ್ರದಲ್ಲಿ ಅವನು ಸಿಕ್ಕಿಬೀಳದೆ ಬದುಕುತ್ತಾನೆ. ಚೀನಾದ ಮುಖ್ಯ ಭೂಭಾಗಕ್ಕೆಂದು ಸಿದ್ಧಪಡಿಸಿದ ಬೇರೊಂದು ಮುಕ್ತಾಯದಲ್ಲಿ ಸೆರೆಯಾಗುತ್ತಾನೆ. ಮಾರ್ಟಿನ್ ಸ್ಕಾರ್ಸೇಸಿ ಇದೇ ಕಥೆಯನ್ನು ಅಮೆರಿಕದ ಬಾಸ್ಟನ್ ನಗರಕ್ಕೊಯ್ದು 2006ರಲ್ಲಿ ‘ದಿ ಡಿಪಾರ್ಟೆಡ್’ ಎಂದು ತೆಗೆದನು. ಅತ್ಯುತ್ತಮ ಚಿತ್ರವೆಂಬುದೂ ಸೇರಿ ಅದಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಬಂದುವು. ಅದರಲ್ಲಿ ಮಿಂಗನ ಸ್ಥಾನದಲ್ಲಿರುವವನು ಗುಂಡೇಟಿಗೆ ಸಾಯುತ್ತಾನೆ. ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಈ ಕೊನೆಯದಕ್ಕೇ ಕೈಯೆತ್ತಿಯಾರು. ನಮಗಾದರೋ ಮೂಲದ್ದೇ ಹೆಚ್ಚು ಘೋರವೆನಿಸುತ್ತದೆ. ಚಿತ್ರದ ಚೀನೀ ಹೆಸರಿನ ಅರ್ಥ ‘ಎಡೆಬಿಡದ ಹಾದಿ’. ಬೌದ್ಧರ ಅವೀಚಿ ನರಕವನ್ನು ಅದು ಸೂಚಿಸುತ್ತದೆ. ನಮ್ಮ ಭಾಗವತದ ಐದನೆಯ ಸ್ಕಂಧದಲ್ಲಿಯೂ ಅವೀಚಿಮತ್ ಎಂಬ ನರಕವುಂಟು. ಸಾಕ್ಷಿಯಲ್ಲಿ, ಕೊಡುಕೊಳ್ಳುವಿಕೆಯಲ್ಲಿ, ದಾನದಲ್ಲಿ ಸುಳ್ಳಾಡಿದವರನ್ನು ಅಲ್ಲಿ ಬೆಟ್ಟದ ತುದಿಯಿಂದ ತಲೆಕೆಳಗಾಗಿ ತಳ್ಳುತ್ತಾರಂತೆ. ಮೈ ಚೂರುಚೂರಾದರೂ ಅವರು ಸಾಯುವುದಿಲ್ಲ. ಮತ್ತೆ ಮೇಲಕ್ಕೊಯ್ದು ತಳ್ಳುತ್ತಾರೆ.

ಚಾನನ ಅಂತ್ಯಸಂಸ್ಕಾರದ ದಿನ ಮಿಂಗನೂ ಬಂದು ನಿಂತು ಪೊಲೀಸ್ ಕ್ರಮದಂತೆ ಕೈಯೆತ್ತಿ ವಂದಿಸುತ್ತಾನೆ. ನೆರೆದವರಾರೂ ಅವನನ್ನು ಸಂದೇಹದಿಂದ ನೋಡುವುದಿಲ್ಲ.