ಮೀನು ನೋಡುವ ಶಾಸ್ತ್ರ

ಶಿಕಾರಿಪುರದ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳ ಮಗನದ್ದು ಒಂದೇ ಹಟ: "ಮಾಮ, ಮೀನು ಬೇಕು." ಕಳೆದ ದಸರಾ ರಜೆಯಲ್ಲಿ ಸೋತೆ. ಶಿವಮೊಗ್ಗದ ಅಂಗಡಿಗೆ ಹೋಗುವ ಹಿಂದಿನ ರಾತ್ರಿ ಯೂಟ್ಯೂಬ್ ನೋಡಿ ತಯಾರಾದೆ. ಫೋನ್ ಕೊಳ್ಳುವಾಗಲೂ ಇಷ್ಟು ರಿವ್ಯೂ ನೋಡಿರಲಿಲ್ಲ.

ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ರೆಕ್ಕೆ ಮುದುಡಿರಬಾರದು. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಇರಬಾರದು. ಹೊಟ್ಟೆ ಒಳಗೆ ಸೇರಿರಬಾರದು. ಮೇಲೆ ಬಂದು ಬಾಯಿ ಬಿಡುತ್ತಿರಬಾರದು. ತೊಟ್ಟಿಯಲ್ಲಿ ಒಂದೇ ಒಂದು ಸತ್ತ ಮೀನು ಕಂಡರೂ ಆ ತೊಟ್ಟಿಯದ್ದು ಯಾವುದೂ ಬೇಡ. ಚೂರು ಆಹಾರ ಹಾಕಿಸಿ, ಓಡಿ ಬಂದು ತಿಂದ 4 ಗೋಲ್ಡ್‌ಫಿಶ್ ಆರಿಸಿದೆ. ಒಂದರ ಬಾಲದ ಅಂಚು ಹರಿದಿತ್ತು. ಅದನ್ನು ವಾಪಸ್ ಬಿಡಿಸಿ ಬೇರೆ ತೆಗೆಸಿದೆ.

ಮನೆಗೆ ಬಂದವನೇ ಹೊಸ ಗಾಜಿನ ಬೌಲ್‌ಗೆ ನಲ್ಲಿ ನೀರು ತುಂಬಿ ಬಿಟ್ಟೆ. 6ನೇ ದಿನಕ್ಕೆ ಒಂದೂ ಉಳಿದಿರಲಿಲ್ಲ.

"ಅಂಗಡಿಯವ್ನು ಮೋಸ ಮಾಡ್ದ" ಅಂದೆ. ಅಕ್ಕ ಬೌಲ್ ತೊಳೀತಾ ಇದ್ದಳು. "ಮೀನನ್ನ ಅಷ್ಟು ತಿರುಗಿಸಿ ಮುರುಗಿಸಿ ನೋಡಿದ್ಯಲ್ಲ ಮಾರಾಯ, ಅದು ಹೋಗೋ ಮನೆ ಹೆಂಗಿದೆ ಅಂತ ಯಾರಾದ್ರೂ ನೋಡಿದ್ರಾ?"

ನಾನು ಸುಮ್ಮನಾದೆ. ಸೊರಬದ ನಮ್ಮ ಮನೆಯ ಜಗುಲಿಗೆ ಇವಳನ್ನು ನೋಡಲು 7 ಕುಟುಂಬ ಬಂದಿದ್ದವು. ಕಾಫಿ ತಟ್ಟೆ ಹಿಡಿದು ನಡೆದು ಬರಬೇಕು, ಒಂದು ಹಾಡು ಹೇಳಬೇಕು. ಉಪ್ಪಿಟ್ಟು ತಿಂದು ಹೋಗಿ "ಬಣ್ಣ ಸ್ವಲ್ಪ ಕಡಿಮೆ" ಅಂತ ಹೇಳಿ ಕಳಿಸಿದವರೂ ಇದ್ದರು. ಅವರ ಮನೆ ಎಂಥದ್ದು ಅಂತ ನಾವೊಬ್ಬರೂ ವಿಚಾರಿಸಲಿಲ್ಲ. ನಾನೂ ಅಲ್ಲೇ ಇದ್ದೆ, ಉಪ್ಪಿಟ್ಟಿನ ತಟ್ಟೆ ಹಂಚುತ್ತಾ.

ಆಮೇಲೆ ಓದಿದೆ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಮೀನು ಹೊರಹಾಕುವ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಬದುಕು. ಈ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ನಮ್ಮ ಕಡೆಯ ಕೆರೆಬೇಟೆಯಲ್ಲಿ ಯಾರೂ ಮೀನು ಆರಿಸುವುದಿಲ್ಲ. ಕೆಸರು ನೀರಿಗೆ ಕೂಣಿ ಹಾಕಿದಾಗ ಸಿಕ್ಕಿದ್ದು ಕೈಯಲ್ಲಿ ನಿಲ್ಲದಷ್ಟು ಒದ್ದಾಡುತ್ತದೆ. ಅದನ್ನು ಅಷ್ಟು ಗಟ್ಟಿಯಾಗಿ ಬೆಳೆಸಿದ್ದು ಕೆರೆ.

ಹಾಗಾದರೆ ಆರೋಗ್ಯವಾದದ್ದನ್ನು ಆರಿಸುವುದು ತಪ್ಪಾ? ತಪ್ಪಲ್ಲ. ರೋಗದ ಮೀನು ತಂದರೆ ಮಿಕ್ಕವಕ್ಕೂ ಹರಡುತ್ತದೆ. ಕನಿಕರಪಟ್ಟು ಕೊಂಡರೂ ಅಂಗಡಿಗೆ ಅದು ವ್ಯಾಪಾರವೇ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ನನ್ನ ತಪ್ಪು ಬೇರೆ: ಪರೀಕ್ಷೆ ಮೀನಿಗೆ ಮಾತ್ರ ಅಂದುಕೊಂಡಿದ್ದೆ. ಆಫೀಸಿನಲ್ಲೂ ಇದನ್ನೇ ಮಾಡ್ತೀವಿ. ಮೂರು ರೌಂಡ್ ಇಂಟರ್‌ವ್ಯೂ ಮಾಡಿ ಹುರುಪಿನ ಹುಡುಗಿಯನ್ನು ತಗೋತೀವಿ. ವರ್ಷದಲ್ಲಿ ಅವಳು ಬಾಡಿ ಹೋದರೆ "ಸೆಲೆಕ್ಷನ್ ಸರಿ ಇರಲಿಲ್ಲ" ಅಂತೀವಿ. ಆರಿಸುವ ಹಕ್ಕು ಸಿಕ್ಕವರು ತಮ್ಮ ನೀರನ್ನು ಮೊದಲು ಪರೀಕ್ಷೆಗೆ ಒಡ್ಡಬೇಕು. ಇಲ್ಲದಿದ್ದರೆ ನಾವು ಆರಿಸುವ ಆರೋಗ್ಯ ನಮ್ಮಲ್ಲಿಗೆ ಬಂದು ಕೆಡುವುದಕ್ಕಷ್ಟೇ.

ಈಗ ಅಕ್ಕನ ಮನೆಯಲ್ಲಿ ದೊಡ್ಡ ತೊಟ್ಟಿ ಇದೆ. ಫಿಲ್ಟರ್ ಓಡುತ್ತಿದೆ, ಮೀನು ಇನ್ನೂ ಬಂದಿಲ್ಲ. ಅಳಿಯ ಟೆಸ್ಟ್ ಕಿಟ್‌ನ ಬಣ್ಣದ ಫೋಟೋ ವಾಟ್ಸ್‌ಆ್ಯಪ್ ಮಾಡಿ "ನೀರು ಪಾಸಾಯ್ತಾ ಮಾಮ?" ಅಂತಾನೆ. ಬಾಲ ಹರಿದ ಆ ಮೀನು ಆಗಾಗ ನೆನಪಾಗುತ್ತದೆ. ಒಳ್ಳೆಯ ನೀರಿದ್ದರೆ ಅಂಥ ಬಾಲ ಮತ್ತೆ ಬೆಳೆಯುತ್ತದೆ ಅಂತ ಗೊತ್ತಾಗಿದ್ದು ಈಚೆಗೆ.

ಅಕ್ಕನ ಮದುವೆಯಾಗಿ 11 ವರ್ಷ. ಮೊನ್ನೆ ಫೋನ್ ಮಾಡಿ ಕೇಳಿದೆ, "ಆ ಮನೆ ನಿಂಗೆ ಹಿಡಿಸ್ತಾ ಅಕ್ಕ?"

"ಈಗ ಕೇಳ್ತೀಯಾ?" ಅಂತ ನಕ್ಕಳು. ಆಮೇಲೆ ತುಂಬಾ ಹೊತ್ತು ಮಾತಾಡಿದಳು.